ನಾಲ್ಕು ಕಣ್ಣಿನ ಹಲ್ಲು

“ಹಳೇ ಪಂಪನ್ನ ಬಿಚ್ಚೋಕೆ ಹೋಗ್ಬೇಡಿ, ಅಕ್ಕಾವ್ರೇ. ಇಡಿಯಾಗಿ ಕಳಚಿ ಪಕ್ಕಕ್ಕಿಡಿ. ಹೊಸದು ಸಂಜೆ ಪಾರ್ಸಲ್‌ನಲ್ಲಿ ಬರುತ್ತೆ, ಹಾಕ್ಬಿಡಿ. ನಾಳೆ ಬೆಳಿಗ್ಗೆ ಐದು ಗಂಟೆಗೆ ನಂಗೆ ಗಾಡಿ ಬೇಕು.”

ಇಷ್ಟು ಹೇಳಿ ಪ್ರಿಂಟಿಂಗ್ ಪ್ರೆಸ್ಸಿನ ಚಿಕ್ಕಪ್ಪ, ನಾನು ಹೂಂ ಅನ್ನುವ ಮೊದಲೇ ಸ್ಕೂಟರ್ ಏರಿಬಿಟ್ಟರು. ಗೇಟಿನವರೆಗೆ ಹೋದವರು ಬ್ರೇಕ್ ಹಾಕಿ ಹಿಂತಿರುಗಿ ನೋಡಿದರು.

“ಮಧ್ಯಾಹ್ನ ಬಂದು ಹಳೇದನ್ನ ನಾನೇ ತಗೊಂಡ್ ಹೋಗ್ತೀನಿ. ಬಿಚ್ಬೇಡಿ, ಆಯ್ತಾ?”

ಮೂವತ್ತೊಂದು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಬೇಗ ಮುಗಿಸಿ ಎಂದು ಪೀಡಿಸುವವರು, ಪಕ್ಕದಲ್ಲೇ ನಿಂತು ನನಗೇ ಪಾಠ ಹೇಳುವವರು, ಹೆಂಗಸಿನ ಕೈಯಲ್ಲಿ ಸ್ಪ್ಯಾನರ್ ನೋಡಿಯೂ ‘ಮೆಕ್ಯಾನಿಕ್ ಎಲ್ಲಮ್ಮ?’ ಎಂದು ಕೇಳುವವರು, ಎಲ್ಲರನ್ನೂ ಕಂಡು ಸಾಕಾಗಿದೆ. ಆದರೆ ಕೆಟ್ಟ ಭಾಗವನ್ನು ಬಿಚ್ಚಿ ನೋಡಬೇಡಿ ಎಂದು ಮೆಕ್ಯಾನಿಕ್‌ಗೆ ಎರಡೆರಡು ಸಲ ಹೇಳಿದ ಗಿರಾಕಿ ಇವರೊಬ್ಬರೇ. ಬಿಚ್ಚಬೇಡ ಎಂದರೆ ನನ್ನ ಕೈ ತುರಿಸುತ್ತದೆ. ಏನು ಮಾಡಲಿ, ಹುಟ್ಟಿದ್ದೇ ಹಾಗೆ.

ಕಾರು ಅವರದ್ದೂ ಅಲ್ಲ. ಅವರ ಅಣ್ಣ ಡ್ರಾಯಿಂಗ್ ಮೇಷ್ಟ್ರದ್ದು. ಮೇಷ್ಟ್ರು ಕಾಣೆಯಾಗಿ ಅಂದಿಗೆ ಹತ್ತೊಂಬತ್ತು ದಿನ. ಕೆರೆಯ ಏರಿ ಮೇಲೆ ಬೀಗ ಹಾಕಿದ ಕಾರು ಸಿಕ್ಕಿತ್ತು, ಅವರು ಸಿಕ್ಕಿರಲಿಲ್ಲ.

ಚಿಕ್ಕಪ್ಪನ ಸ್ಕೂಟರಿನ ಸದ್ದು ಅಡಗುವ ಹೊತ್ತಿಗೆ ಪುಟ್ಟಿ ಬಂದಳು. ಪುಟ್ಟಿ ಎಂದರೆ ಮೇಷ್ಟ್ರ ಒಬ್ಬಳೇ ಮಗಳು. ವಯಸ್ಸು ಮೂವತ್ತು, ಆಸ್ಪತ್ರೆಯಲ್ಲಿ ನರ್ಸು, ಇಡೀ ವಾರ್ಡನ್ನು ಕಣ್ಣಲ್ಲೇ ಹೆದರಿಸುವಷ್ಟು ಗಟ್ಟಿಗಿತ್ತಿ. ಆದರೂ ನಮ್ಮೆಲ್ಲರ ಬಾಯಲ್ಲಿ ಪುಟ್ಟಿಯೇ. ಮೇಷ್ಟ್ರು ನನ್ನನ್ನು ತಂಗಿ ಎಂದು ಕರೆಯುತ್ತಿದ್ದುದರಿಂದ ನಾನು ಇವಳಿಗೆ ಅತ್ತೆ, ಇವಳ ಚಿಕ್ಕಪ್ಪ ನನ್ನ ಬಾಯಲ್ಲೂ ಚಿಕ್ಕಪ್ಪ. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಇನ್ನೂ ಬಿಳಿ ಬೂಟು ಬಿಚ್ಚಿರಲಿಲ್ಲ.

ಬ್ಯಾಗಿನಿಂದ ಒಂದು ಕಾಗದ ತೆಗೆದು ಕಾರಿನ ಮಡ್‌ಗಾರ್ಡಿನ ಮೇಲಿಟ್ಟಳು.

“ಸ್ಟೇಷನ್ನಿಂದ ಕೊಟ್ಟಿದ್ದಾರೆ ಅತ್ತೆ. ಕೆರೆಯಲ್ಲಿ ಹುಡುಕೋದು ನಿಲ್ಲಿಸ್ತಾರಂತೆ. ಮುಳುಗಿರಬೇಕು ಅಂತ ಬರ್ಕೊಂಡಿದ್ದಾರೆ. ಮನೆಯವರ ಒಪ್ಪಿಗೆ ಬೇಕಂತೆ. ಸಂಜೆ ಐದರೊಳಗೆ ಸಹಿ ಹಾಕಿ ಕೊಡ್ಬೇಕು.”

“ಹಾಕ್ತೀಯಾ?”

“ಹಾಕ್ದೆ ಇದ್ರೆ ಇನ್ನೆಷ್ಟು ದಿನ ಅಂತ ಅವ್ರನ್ನ ನೀರಿಗಿಳ್ಸೋದು? ಹಾಕಿದ್ರೆ, ಅಪ್ಪ ಹೋದ್ರು ಅಂತ ನಾನೇ ಒಪ್ಕೊಂಡ ಹಾಗೆ.” ಕಾಗದವನ್ನು ನನ್ನ ಕಡೆ ತಳ್ಳಿದಳು. “ನೀವೇನ್ ಹೇಳ್ತೀರ?”

ಆ ಮನುಷ್ಯ ಸತ್ತಿದ್ದಾನೆ ಎಂದು ನನ್ನ ಮನಸ್ಸು ಒಪ್ಪಿರಲಿಲ್ಲ. ಬದುಕಿದ್ದಾನೆ ಎನ್ನಲು ಆಧಾರವೂ ಇರಲಿಲ್ಲ. ಹತ್ತೊಂಬತ್ತು ದಿನದಿಂದ ನಾನೂ ಸರಿಯಾಗಿ ಉಂಡಿರಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ.

“ಮೊದಲು ಈ ಟಾರ್ಚ್ ಹಿಡ್ಕೋ,” ಎಂದೆ. “ಪಂಪ್ ನೋಡೋಣ.”

“ಚಿಕ್ಕಪ್ಪ ಹೊಸದು ತರಿಸ್ತಾ ಇದ್ದಾರಂತಲ್ಲ?”

“ತರಿಸ್ಲಿ. ನಿಂಗೇನು ಬೇಕು?”

“ನಂಗೆ ಹೊಸದು ಬೇಡ ಅತ್ತೆ. ಎರಡು ವರ್ಷದ ಹಿಂದೆ ಅಪ್ಪ ಇದನ್ನ ಬಿಚ್ಚಿ ಕೂರಿಸ್ದಾಗ್ಲೂ ಟಾರ್ಚ್ ಹಿಡಿದಿದ್ದೋಳು ನಾನೇ. ಆಗೋದಾದ್ರೆ ಸೀಲು, ಪ್ಯಾಕಿಂಗು ಬದಲಾಯಿಸಿ ಇದನ್ನೇ ಉಳಿಸಿಕೊಡಿ.”

“ಪಂಪಿನ ಮುಖ ನೋಡಿ ರಿಪೇರಿ ಮಾಡೋಳಲ್ಲ ನಾನು. ಅಳತೆ ನೋಡ್ತೀನಿ. ಉಳಿಯೋ ಹಾಗಿದ್ರೆ ಉಳಿಯುತ್ತೆ.”

ಆ ಕಾರಿಗೆ ಪುಟ್ಟಿಗಿಂತ ಎಂಟು ವರ್ಷ ಹೆಚ್ಚು ವಯಸ್ಸು. ಆ ಕಾಲದ ಕಾರುಗಳಲ್ಲಿ ಆಯಿಲ್ ಪಂಪ್ ಎಂಜಿನ್ನಿನ ಹೊರಗೇ, ಕೆಳಬದಿಯಲ್ಲಿ ಕೂತಿರುತ್ತದೆ. ನಾಲ್ಕು ಬೋಲ್ಟ್ ತೆಗೆದರೆ ಕೈಗೆ ಬರುತ್ತದೆ. ಒಳಗೆ ಎರಡು ಗೇರು, ಮೇಲೊಂದು ಮುಚ್ಚಳ, ಮುಚ್ಚಳದ ಅಡಿಯಲ್ಲಿ ತೆಳ್ಳನೆಯ ಕಾಗದದ ಪ್ಯಾಕಿಂಗ್, ಗೇರು ತಿರುಗಿಸುವ ದಂಡದ ಸುತ್ತ ಒಂದು ರಬ್ಬರ್ ಸೀಲು. ಅಷ್ಟೇ ಸಂಸಾರ. ಆದರೆ ಅದು ಎಣ್ಣೆ ತಳ್ಳುವುದನ್ನು ನಿಲ್ಲಿಸಿದರೆ ಇಡೀ ಎಂಜಿನ್ನು ಹತ್ತು ನಿಮಿಷದಲ್ಲಿ ಕಚ್ಚಿಕೊಂಡು ಕೂರುತ್ತದೆ.

ಮೊನ್ನೆ ಸೋಮವಾರ ಪುಟ್ಟಿ ಪ್ರೆಸ್ಸಿಗೆ ಹೋದಾಗ ಕಾರಿನ ಕೆಳಗೆ ಎಣ್ಣೆಯ ಮಡುವೇ ನಿಂತಿತ್ತಂತೆ. ಪೊಲೀಸರು ಕೀಲಿಕೈ ಕೊಟ್ಟಾಗಿನಿಂದ ಕಾರು ಪ್ರೆಸ್ಸಿನ ಹಿಂದಿನ ಶೆಡ್ಡಿನಲ್ಲೇ ಇತ್ತು. ‘ಇದು ಅತ್ತೆಯ ಗ್ಯಾರೇಜಿಗೇ ಹೋಗ್ಬೇಕು, ಇವತ್ತೇ ಹೋಗ್ಬೇಕು’ ಎಂದು ಹಟ ಹಿಡಿದು ಎಳೆಸಿಕೊಂಡು ಬಂದವಳು ಅವಳೇ. ಚಿಕ್ಕಪ್ಪ ಬೇಡ ಎನ್ನಲಾರದೆ ಸುಮ್ಮನಾಗಿದ್ದರು. ಸುಮ್ಮನಾದವರು ಮರುದಿನವೇ ಹೊಸ ಪಂಪಿಗೆ ಆರ್ಡರ್ ಹಾಕಿದ್ದರು.

ನಾನು ಕಾರಿನ ಕೆಳಗೆ ಜಾರಿದೆ. ಪುಟ್ಟಿ ಮೇಲಿನಿಂದ ಬೆಳಕು ಬಿಟ್ಟಳು.

ಮೊದಲು ಕಂಡದ್ದು ಬೋಲ್ಟುಗಳು. ಸುತ್ತಮುತ್ತ ಎಂಜಿನ್ನಿಗೆಲ್ಲ ಎರಡು ವರ್ಷದ ಮಣ್ಣು, ಎಣ್ಣೆ ಸೇರಿ ಬೆರಳು ದಪ್ಪದ ಕರಿ ಗಟ್ಟಿಯಾಗಿತ್ತು. ಪಂಪಿನ ನಾಲ್ಕು ಬೋಲ್ಟುಗಳ ತಲೆ ಮಾತ್ರ ಥಳಥಳ. ಸ್ಪ್ಯಾನರ್ ತಾಗಿದ ಹೊಸ ಗೀರುಗಳು. ಒಂದರ ಮೂಲೆ ಸವೆದುಹೋಗಿತ್ತು, ಸ್ಪ್ಯಾನರ್ ಎರಡು ಮೂರು ಸಲ ಜಾರಿದ ಹಾಗೆ.

“ಪುಟ್ಟಿ, ಅಪ್ಪ ಇತ್ತೀಚೆಗೆ ಇದಕ್ಕೆ ಕೈ ಹಾಕಿದ್ರಾ?”

“ಇಲ್ಲ ಅತ್ತೆ. ಎರಡು ವರ್ಷ ಆಯ್ತು ಅಂದೆನಲ್ಲ. ನನ್ ಬಿಟ್ಟು ಅವ್ರು ಬಿಚ್ಚಲ್ಲ. ಟಾರ್ಚ್ ಯಾರು ಹಿಡೀತಾರೆ?”

ಕೆಳಗೆ ಮಲಗಿಕೊಂಡೇ ನನ್ನ ತಮ್ಮನಿಗೆ ಫೋನ್ ಹಚ್ಚಿದೆ. ಅವನು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಮೇಷ್ಟ್ರ ಕಾರು ಎರಡು ದಿನ ನಿಂತದ್ದು ಅವರದೇ ಯಾರ್ಡಿನಲ್ಲಿ.

“ಏನೋ, ಮೇಷ್ಟ್ರ ಕಾರಿನ ಎಂಜಿನ್ ನಿಮ್ಮೋರು ಯಾರಾದ್ರೂ ಬಿಚ್ಚಿದ್ರಾ?”

“ಅಕ್ಕಾ, ನಮ್ ಯಾರ್ಡಿನಲ್ಲಿ ಜೀಪಿನ ಟೈರ್ ಪಂಕ್ಚರ್ ಆಗಿ ಒಂದು ತಿಂಗಳಾಯ್ತು. ಅದನ್ನ ಬಿಚ್ಚೋಕೇ ಜನ ಇಲ್ಲ. ಇನ್ನು ಕಾರಿನ ಎಂಜಿನ್ ಬಿಚ್ತಾರಾ?”

“ಸರಿಯಾಗಿ ನೆನಪು ಮಾಡ್ಕೊ.”

“ಬಾಗಿಲು ತೆಗ್ದು ಸೀಟ್ ಕೆಳಗೆ ನೋಡಿದ್ರು, ಡಿಕ್ಕಿ ನೋಡಿದ್ರು, ಮುಚ್ಚಿದ್ರು. ನಾನೇ ಅಲ್ಲಿದ್ದೆ. ಯಾಕೆ, ಏನಾಯ್ತು?”

“ಏನಿಲ್ಲ. ಮನೆಗೆ ಹೋಗುವಾಗ ಆ ಟೈರ್ ತಂದು ಇಲ್ಲಿ ಬಿಸಾಕು,” ಎಂದು ಫೋನ್ ಇಟ್ಟೆ.

ಅಂದರೆ ಪಂಪ್ ಬಿಚ್ಚಿದ್ದು ಪ್ರೆಸ್ಸಿನ ಶೆಡ್ಡಿನಲ್ಲಿ. ಶೆಡ್ಡಿನ ಬೀಗದ ಕೈ ಒಬ್ಬರ ಹತ್ತಿರ ಮಾತ್ರ. ಆ ಒಬ್ಬರಿಗೆ ಸ್ಪ್ಯಾನರ್ ಯಾವ ತುದಿಯಲ್ಲಿ ಹಿಡಿಯಬೇಕು ಎಂದೂ ಗೊತ್ತಿಲ್ಲ. ಹೋದ ವರ್ಷ ಸ್ಕೂಟರಿನ ಕನ್ನಡಿ ತಿರುಗಿಸಿಕೊಡಿ ಎಂದು ನನ್ನ ಹತ್ತಿರ ಬಂದಿದ್ದ ಮಹಾರಾಯರು ಅವರು.

ನಾಲ್ಕು ಬೋಲ್ಟ್ ತೆಗೆದೆ. ಪಂಪು ಮೇಜಿನ ಮೇಲೆ ಬಂತು. ಸೀಮೆಎಣ್ಣೆಯಲ್ಲಿ ಹೊರಗೆಲ್ಲ ತೊಳೆದು, ಬಟ್ಟೆಯಲ್ಲಿ ಒರೆಸಿ, ಮುಚ್ಚಳದ ಸ್ಕ್ರೂ ಒಂದೊಂದಾಗಿ ಸಡಿಲಿಸಿದೆ. ಬಿಚ್ಚಬೇಡಿ ಎಂದಿದ್ದರಲ್ಲ ಎಂದು ಒಂದು ಕ್ಷಣ ನೆನಪಾಯಿತು. ಮರುಕ್ಷಣ ಮರೆತೆ.

ಮುಚ್ಚಳ ಎತ್ತಿದೆ. ಒಳಗಿನ ಪ್ಯಾಕಿಂಗ್ ಕಾಗದ ಮುಚ್ಚಳಕ್ಕೆ ಅಂಟಿಕೊಂಡು ಬಂತು.

ಕಂಪನಿಯ ಪ್ಯಾಕಿಂಗ್ ಅಲ್ಲ, ಕೈಯಲ್ಲಿ ಕತ್ತರಿಸಿದ್ದು. ಅದೇನೂ ಹೊಸ ವಿಷಯವಲ್ಲ. ಹಳೆಯ ಗಾಡಿಗಳಿಗೆ ಪ್ಯಾಕಿಂಗ್ ಸಿಗದಿದ್ದಾಗ ಕಾಗದವನ್ನು ಪಂಪಿನ ಬಾಯಿಯ ಮೇಲಿಟ್ಟು, ಅಂಚಿನ ಗುಂಟ ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತ ಹೋದರೆ ಅದೇ ಆಕಾರಕ್ಕೆ ಕತ್ತರಿಸಿಕೊಳ್ಳುತ್ತದೆ. ಮೇಷ್ಟ್ರು ಅದರಲ್ಲಿ ಪಳಗಿದ ಕೈ. ನನಗೆ ಕಲಿಸಿದ್ದೂ ಅವರೇ.

ಆದರೆ ಇದು ಮೇಷ್ಟ್ರ ಕೆಲಸದ ಹಾಗೆ ಕಾಣಲಿಲ್ಲ. ಅಂಚೆಲ್ಲ ಸೊಟ್ಟ. ಸ್ಕ್ರೂ ತೂರುವ ಒಂದು ತೂತು ಅರ್ಧ ಬೆರಳು ಆಚೆಗೆ ಬಿದ್ದು, ಅದರ ಪಕ್ಕದಲ್ಲೇ ಇನ್ನೊಂದು ಹೊಡೆದಿದ್ದರು. ಕಾಗದವೂ ತಪ್ಪು. ಪ್ಯಾಕಿಂಗಿಗೆ ಎಣ್ಣೆ ಕುಡಿದು ಉಬ್ಬುವ ಒರಟು ಕಾಗದ ಬೇಕು. ಇದು ನುಣುಪಾದ ದಪ್ಪ ಕಾರ್ಡು. ಎಣ್ಣೆ ಕುಡಿಯದೆ ಪಕ್ಕದಿಂದ ಸುರಿಸಿಬಿಟ್ಟಿತ್ತು. ಜೊತೆಗೆ ಕಾರ್ಡು ದಪ್ಪವಾದ್ದರಿಂದ ಮುಚ್ಚಳ ಎತ್ತರ ಕೂತು, ಗೇರಿಗೂ ಅದಕ್ಕೂ ನಡುವೆ ಜಾಗ ಹೆಚ್ಚಾಗಿ, ಎಣ್ಣೆಯ ಒತ್ತಡವೂ ಬಿದ್ದಿತ್ತು. ಸೋರಿಕೆ ನಿಲ್ಲಿಸಲು ಹೋದವರೇ ಸೋರಿಕೆ ಹೆಚ್ಚಿಸಿದ್ದರು. ಯಾರೋ ಕಲಿಯುವವನು ಕೈ ಹಾಕಿದ್ದಾನೆ ಎಂದುಕೊಂಡೆ.

“ಅತ್ತೆ, ಬಾಲ!”

ಪುಟ್ಟಿ ಟಾರ್ಚನ್ನು ಪ್ಯಾಕಿಂಗಿನ ಒಂದು ಮೂಲೆಗೆ ಹಿಡಿದಿದ್ದಳು. ಅಲ್ಲಿ ಕಾರ್ಡು ಉಗುರಿನಷ್ಟು ಉದ್ದಕ್ಕೆ ಹೊರಗೆ ಚಾಚಿಕೊಂಡಿತ್ತು.

ಪ್ರಪಂಚದಲ್ಲಿ ಪ್ಯಾಕಿಂಗಿಗೆ ಬಾಲ ಬಿಡುವ ಮನುಷ್ಯ ನನಗೆ ಗೊತ್ತಿರುವಂತೆ ಒಬ್ಬರೇ. ‘ಮುಂದೆ ಯಾರೋ ಪುಣ್ಯಾತ್ಮ ಇದನ್ನ ಕೀಳ್ಬೇಕಲ್ಲ ತಂಗಿ, ಅವನಿಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಡ್ವಾ?’ ಎನ್ನುವರು. ಡ್ರಾಯಿಂಗ್ ಮೇಷ್ಟ್ರು ಬಾಲ ಇಲ್ಲದೆ ಯಾವ ಪ್ರಾಣಿಯನ್ನೂ ಬಿಡುವುದಿಲ್ಲ ಎಂದು ನಾನು ಅದೆಷ್ಟು ಸಲ ರೇಗಿಸಿದ್ದೆನೋ.

“ಅವತ್ತು ಹಾಕಿದ್ದೇ ಇನ್ನೂ ಇದೆ ನೋಡಿ,” ಎಂದಳು ಪುಟ್ಟಿ. ಮುಖದಲ್ಲಿ ಸಣ್ಣ ನಗು. ಎಷ್ಟೋ ದಿನಗಳ ಮೇಲೆ ಕಂಡ ನಗು ಅದು.

“ಎರಡು ವರ್ಷದ ಹಿಂದೆ ಯಾವ ಕಾಗದದಲ್ಲಿ ಮಾಡಿದ್ರು, ನೆನಪಿದ್ಯಾ?”

“ಯಾಕಿಲ್ಲ? ನನ್ನ ನರ್ಸಿಂಗ್ ನೋಟ್‌ಬುಕ್ಕಿನ ಕಂದು ಹೊದಿಕೆ ಕಾಗದ. ಕೇಳ್ದೆ ಹರ್ಕೊಂಡ್ರು ಅಂತ ಜಗಳ ಆಡಿದ್ದೆ.” ಅವಳ ನಗು ಅಲ್ಲೇ ನಿಂತಿತು. ಮತ್ತೊಮ್ಮೆ ಬಗ್ಗಿ ನೋಡಿದಳು. “ಇದು ಕಂದು ಅಲ್ಲ.”

ಅಲ್ಲ. ಬಿಳಿ ಕಾರ್ಡು. ಎಣ್ಣೆ ಒರೆಸಿ ತಿರುಗಿಸಿದೆ. ಹಿಂಬದಿಯಲ್ಲಿ ಬಣ್ಣದ ಅಚ್ಚು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದೆ.

ಒಂದು ಹಲ್ಲು. ನಗುವ ಹಲ್ಲಿನ ಚಿತ್ರ. ಅದಕ್ಕೆ ನಾಲ್ಕು ಕಣ್ಣು, ಎರಡು ಬಾಯಿ.

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

ಹೋದ ಗುರುವಾರ ನಮ್ಮ ಬೀದಿಯ ಹಲ್ಲಿನ ಡಾಕ್ಟರು ಕ್ಲಚ್ ನೋಡಿಸಲು ಬಂದವರು ನನಗೊಂದು ಕಾರ್ಡು ಕೊಟ್ಟಿದ್ದರು. ಹೊಸ ಕಟ್ಟಡಕ್ಕೆ ಹೋಗುತ್ತಿದ್ದಾರಂತೆ. ಕಾರ್ಡಿನ ಮೇಲೊಂದು ನಗುವ ಹಲ್ಲು. ಆಗಲೇ ಅವರು ಕಥೆ ಹೇಳಿದ್ದು: ಆ ವಾರದ ಸೋಮವಾರ ಚಿಕ್ಕಪ್ಪನ ಪ್ರೆಸ್ಸಿನವರು ಅಚ್ಚು ಮಾಡಿದ ಮೊದಲ ಕಂತಿನಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರದೆ ಪ್ರತಿ ಹಲ್ಲಿಗೂ ನಾಲ್ಕು ಕಣ್ಣು, ಎರಡು ಬಾಯಿ. ‘ಇದನ್ನ ಕೊಟ್ರೆ ಪೇಷೆಂಟ್ಸು ಓಡಿ ಹೋಗ್ತಾರೆ, ಒಂದೂ ಹೊರಗೆ ಬಿಡ್ಬೇಡಿ’ ಎಂದು ಎಲ್ಲವನ್ನೂ ಪ್ರೆಸ್ಸಿನಲ್ಲೇ ಬಿಟ್ಟು, ಹೊಸದಾಗಿ ಮಾಡಿಸಿಕೊಂಡರಂತೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೆವು.

ಸೋಮವಾರ. ಅಂದರೆ ಒಂಬತ್ತು ದಿನದ ಹಿಂದೆ. ಮೇಷ್ಟ್ರು ಕೆರೆಗೆ ಬಿದ್ದರು ಎಂದು ಪೊಲೀಸರು ಹೇಳುವ ದಿನದಿಂದ ಹತ್ತು ದಿನಗಳ ಮೇಲೆ ಅಚ್ಚಾದ ಕಾರ್ಡಿಗೆ ಮೇಷ್ಟ್ರು ಬಾಲ ಬಿಟ್ಟಿದ್ದರು.

ಪುಟ್ಟಿಗೆ ಇದನ್ನು ಹೇಗೆ ಹೇಳಿದೆನೋ ನನಗೇ ಸರಿಯಾಗಿ ನೆನಪಿಲ್ಲ. ಎರಡು ಸಲ ಹೇಳಿದೆ. ಮೊದಲ ಸಲ ಅವಳು ತಲೆಯಾಡಿಸಿ ‘ಇಲ್ಲ ಅತ್ತೆ, ಇಲ್ಲ’ ಎಂದಳು. ಎರಡನೇ ಸಲ ಹಳೆಯ ಟೈರಿನ ಮೇಲೆ ಕುಳಿತು ಮೊಣಕಾಲಿಗೆ ಮುಖ ಒತ್ತಿಕೊಂಡಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಬಿಳಿ ಅಂಗಿಯ ಮೇಲೆ ನನ್ನ ಐದು ಬೆರಳಿನ ಕರಿ ಗುರುತು ಮೂಡಿತು. ಅವಳಿಗೂ ಗಮನವಿಲ್ಲ, ನನಗೂ ಇಲ್ಲ.

“ಬೇರೆ ಯಾರಾದ್ರೂ ಹೀಗೆ ಬಾಲ ಬಿಡಬಹುದಲ್ವಾ?” ಎಂದಳು ಕೊನೆಗೆ. “ಸುಮ್ನೆ ಆಸೆ ಪಟ್ಟುಬಿಟ್ರೆ?”

“ಅದಕ್ಕೇ ಕೇಳಿ ತಿಳ್ಕೊಳ್ಳೋಣ. ಮಧ್ಯಾಹ್ನ ಬರ್ತಾರಲ್ಲ.”

ಅಲ್ಲಿಯವರೆಗೆ ಸುಮ್ಮನೆ ಕೂರುವುದು ನನ್ನಿಂದಾಗದು. ಅಳತೆ ನೋಡಿದೆ. ಪಂಪಿನ ಬಾಯಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿಯಿಟ್ಟು, ಗೇರಿನ ಮೇಲೆ ಸಂದಿ ಅಳೆಯುವ ತೆಳ್ಳನೆಯ ತಗಡುಗಳನ್ನು ಒಂದೊಂದಾಗಿ ತೂರಿಸಿದೆ. ಗೇರಿನ ಹಲ್ಲುಗಳಲ್ಲಿ ಸವೆತ ಇತ್ತು, ಗೋಡೆಯಲ್ಲಿ ಒಂದೆರಡು ಗೀರು. ಸೀಲು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಸರಿಯಾದ ತೆಳು ಪ್ಯಾಕಿಂಗ್, ಹೊಸ ಸೀಲು ಹಾಕಿದರೆ ಓಡುತ್ತದೆ. ಆದರೆ ಅಳತೆ ಇರಬೇಕಾದ ಮಿತಿಯ ಅಂಚಿಗೆ ಬಂದು ನಿಂತಿತ್ತು. ಈ ಕಡೆಯೂ ಹೇಳಬಹುದು, ಆ ಕಡೆಯೂ ಹೇಳಬಹುದು ಎನ್ನುವಂಥ ಅಳತೆ. ನನಗೆ ಇಂಥವು ಕಂಡರೆ ಮೈಯೆಲ್ಲ ಉರಿಯುತ್ತದೆ.

ಇನ್ನೊಂದು ವಿಷಯವೂ ಕೊರೆಯುತ್ತಿತ್ತು. ಕೈಬೀಸಿ ಎಳೆದರೆ ಸ್ಕೇಲು ನಾಚುವಂಥ ಗೆರೆ ಬರುತ್ತಿದ್ದ ಕೈ ಅದು. ಆ ಕೈ ಸೊಟ್ಟ ಕತ್ತರಿಸಿದ್ದೇಕೆ? ತೂತು ಎರಡು ಸಲ ಹೊಡೆದದ್ದೇಕೆ? ಬೋಲ್ಟಿನ ಮೇಲೆ ಸ್ಪ್ಯಾನರ್ ಜಾರಿದ್ದೇಕೆ? ನುಣುಪು ಕಾರ್ಡಿಗೂ ಒರಟು ಕಾಗದಕ್ಕೂ ಅವರಿಗೆ ಭೇದ ತಿಳಿಯದೆ ಹೋಯಿತೇ? ಪುಟ್ಟಿ ಎದುರಿಗಿದ್ದಳು. ಈ ಪ್ರಶ್ನೆಗಳನ್ನು ನಾನು ಬಾಯಿಗೆ ತರಲಿಲ್ಲ.

ಒಂದು ಗಂಟೆಗೆ ಸ್ಕೂಟರ್ ಬಂತು.

ಚಿಕ್ಕಪ್ಪ ಒಳಗೆ ಬಂದವರು ಮೊದಲು ಪುಟ್ಟಿಯನ್ನು ನೋಡಿದರು, ಆಮೇಲೆ ಮೇಜಿನ ಮೇಲೆ ಮುಚ್ಚಳ ತೆರೆದು ಕೂತಿದ್ದ ಪಂಪನ್ನು ನೋಡಿದರು. ಅವರು ದಡಬಡ ಮನುಷ್ಯರಲ್ಲ. ಮೆತ್ತನೆಯ ದನಿ, ಬೆರಳ ಸಂದಿಯಲ್ಲಿ ಸದಾ ಒಂದಿಷ್ಟು ಮಸಿ, ಯಾರ ಹತ್ತಿರವೂ ಜೋರಾಗಿ ಮಾತಾಡಿದವರಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಬಿಚ್ಬೇಡಿ ಅಂದಿದ್ದೆ.”

“ಅಂದಿದ್ರಿ. ಬಿಚ್ಚಿದೆ,” ಎಂದೆ. “ಈ ಪ್ಯಾಕಿಂಗ್ ಯಾರು ಮಾಡಿದ್ದು?”

“ನನಗೇನ್ ಗೊತ್ತು? ಎರಡು ವರ್ಷದ ಹಿಂದೆ ಅಣ್ಣ ಮಾಡಿರ್ಬೇಕು.”

“ಹೋದ ವಾರ ನಿಮ್ಮ ಪ್ರೆಸ್ಸಲ್ಲಿ ಅಚ್ಚಾದ ಕಾರ್ಡಿನಲ್ಲಾ?” ಪ್ಯಾಕಿಂಗನ್ನು ತಿರುಗಿಸಿ ಅವರ ಮುಂದೆ ಹಿಡಿದೆ. ನಾಲ್ಕು ಕಣ್ಣಿನ ಹಲ್ಲು ಅವರನ್ನು ನೋಡಿ ಎರಡೂ ಬಾಯಲ್ಲಿ ನಗುತ್ತಿತ್ತು.

ಅವರು ಪೆಚ್ಚಾದರು.

“ಓ, ಹೌದು. ಸೋರ್ತಾ ಇತ್ತಲ್ಲ, ಒಬ್ಬ ಮೆಕ್ಯಾನಿಕ್ ಹತ್ರ ಮಾಡಿಸ್ದೆ. ಮರ್ತೇಬಿಟ್ಟಿದ್ದೆ.”

“ಯಾರವನು? ಈ ಊರಿನ ಮೆಕ್ಯಾನಿಕ್‌ಗಳೆಲ್ಲ ನನಗೆ ಗೊತ್ತು.”

“ಈ ಊರಿನೋನಲ್ಲ. ದಾರಿಯಲ್ಲಿ ಹೋಗ್ತಾ ಇದ್ದ, ಕರೆದೆ.”

“ದಾರಿಯಲ್ಲಿ ಹೋಗ್ತಾ ಇದ್ನಾ? ಬಲೂನ್ ಮಾರೋನ ಹಾಗೆ ‘ಪಂಪ್ ರಿಪೇರೀ’ ಅಂತ ಕೂಗ್ಕೊಂಡಾ?”

ಬೇರೆ ದಿನವಾಗಿದ್ದರೆ ಅವರೂ ನಕ್ಕುಬಿಡುತ್ತಿದ್ದರು. ಈಗ ಹಣೆ ಒರೆಸಿಕೊಂಡರು.

“ಅಕ್ಕಾವ್ರೇ, ನೀವು ಗಾಡಿ ರಿಪೇರಿ ಮಾಡೋರು. ರಿಪೇರಿ ಮಾಡಿ. ಮನೆ ವಿಷ್ಯದಲ್ಲಿ ಮೂಗು ತೂರಿಸ್ಬೇಡಿ.”

“ಮೂಗು ತೂರಿಸಿ ಮೂವತ್ತು ವರ್ಷ ಆಯ್ತು. ಈಗ ಹೊರಗೆ ತೆಗೆಯೋಕೆ ಆಗಲ್ಲ.”

ನಾನು ಇನ್ನೂ ಏನೇನೋ ಅನ್ನುವವಳಿದ್ದೆ. ನಾಲಿಗೆ ತುದಿಗೆ ಬಂದಿತ್ತು. ಆದರೆ ಪುಟ್ಟಿ ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತಳು. ಅವಳು ಕೂಗಾಡಲಿಲ್ಲ. ಠಾಣೆಯ ಕಾಗದವನ್ನು ಮೇಜಿನ ಮೇಲೆ, ಪಂಪಿನ ಪಕ್ಕದಲ್ಲಿ ಬಿಡಿಸಿಟ್ಟಳು. ಅದರ ಮೇಲೆ ಪೆನ್ನು ಇಟ್ಟಳು.

“ಚಿಕ್ಕಪ್ಪ, ಇದನ್ನ ಓದಿ.”

ಅವರು ಓದಿದರು. ಸಣ್ಣ ಕಾಗದ, ಆರು ಸಾಲು. ಆದರೆ ಬಹಳ ಹೊತ್ತು ಓದಿದರು.

“ಅಪ್ಪ ನೀರಲ್ಲಿದ್ದಾರೆ ಅಂತ ಬರ್ದಿದೆ. ನಾನು ಇದಕ್ಕೆ ಸಹಿ ಹಾಕ್ಬೇಕು. ನಂಗೆ ಅಂತ ಇನ್ನು ಉಳಿದಿರೋ ಹಿರಿಯರು ನೀವೊಬ್ಬರೇ. ನೀವು ಹಾಕು ಅಂದ್ರೆ ಹಾಕ್ತೀನಿ. ಆಮೇಲೆ ನಿಮ್ಮನ್ನ ಏನೂ ಕೇಳಲ್ಲ. ಹಾಕ್ಲಾ?”

ಚಿಕ್ಕಪ್ಪ ಕಾಗದದಿಂದ ಕಣ್ಣು ಕಿತ್ತು ಗೇಟಿನ ಕಡೆ ನೋಡಿದರು.

“ಹೇಳಿ ಚಿಕ್ಕಪ್ಪ.”

ಅವಳು ಪೆನ್ನು ಎತ್ತಿಕೊಂಡು ಕ್ಯಾಪ್ ತೆಗೆದಳು. ಕಾಗದದ ಕೆಳಗಿನ ಗೆರೆಯ ಮೇಲೆ ಮೊನೆ ಇಟ್ಟಳು. ಹೊರಗೆ ರಸ್ತೆಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಪೀ ಪೀ ಎನ್ನುತ್ತಿತ್ತು. ಅವಳು ತನ್ನ ಹೆಸರಿನ ಮೊದಲ ಅಕ್ಷರ ಬರೆದೇಬಿಟ್ಟಳು.

ಮಸಿ ಹತ್ತಿದ ಬೆರಳುಗಳು ಅವಳ ಕೈ ಹಿಡಿದವು.

“ಬೇಡ,” ಎಂದರು ಚಿಕ್ಕಪ್ಪ. “ಬೇಡ ಪುಟ್ಟಿ. ಅಂಥದ್ದಕ್ಕೆ ಸಹಿ ಹಾಕ್ಬಾರ್ದು.”

ಪೆನ್ನು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

“ಬದುಕಿದ್ದಾರಾ?”

ಅವರು ಹೌದೆಂದು ತಲೆಯಾಡಿಸಿದರು. ಒಂದು ಸಲ ಅಲ್ಲ, ನಾಲ್ಕೈದು ಸಲ. ನನ್ನ ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸ್ ಬಳಿದುಕೊಂಡೆ. ಅಯ್ಯೋ ದೇವರೇ, ಬದುಕಿದ್ದಾರೆ! ಆ ಮನುಷ್ಯನನ್ನು ಎದುರಿಗೆ ನಿಲ್ಲಿಸಿ ನಾಲ್ಕು ಬೈದು, ಆಮೇಲೆ ಕಾಲಿಗೆ ಬೀಳಬೇಕು ಅನ್ನಿಸಿತು.

ಪುಟ್ಟಿ ಮಾತ್ರ ಅಳಲಿಲ್ಲ. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಎಲ್ಲಿದ್ದಾರೆ?”

“ಅದನ್ನ ಕೇಳ್ಬೇಡ.”

“ಚಿಕ್ಕಪ್ಪ!”

“ಮಾತು ಕೊಟ್ಟಿದ್ದೀನಿ ಮಗೂ. ನನ್ನ ಎರಡೂ ಕೈ ಹಿಡ್ಕೊಂಡು ಮಾತು ತಗೊಂಡಿದ್ದಾನೆ. ಮೊದಲು ಶೆಡ್ಡಿನ ಪಕ್ಕದ ರೂಮಲ್ಲೇ ಇದ್ದ. ಸುಮ್ನೆ ಕೂತು ಸಾಕಾಗಿ ಈ ಪಂಪಿಗೆ ಕೈ ಹಾಕ್ದ. ಬೇಡ ಅಂದೆ, ಕೇಳ್ಲಿಲ್ಲ. ನೀನು ಸೋಮವಾರ ಬಂದೆಯಲ್ಲ, ಗೋಡೆ ಆಚೆ ಕೂತಿದ್ದ. ನಿನ್ನ ದನಿ ಕೇಳಿ ಬಾಯಿಗೆ ಟವೆಲ್ ಒತ್ಕೊಂಡು ಅತ್ತ. ನೀನು ಹೋದ ಮೇಲೆ, ಇನ್ನು ಇಲ್ಲಿರಲ್ಲ ಅಂತ ಜಾಗ ಬದಲಾಯಿಸ್ದ.”

“ಯಾರಿಗೆ ಹೆದರಿ ಬಚ್ಚಿಟ್ಕೊಂಡಿದ್ದಾರೆ? ಯಾರ್ ಏನ್ ಮಾಡಿದ್ರು ಅವ್ರಿಗೆ? ನನ್ ಹತ್ರ ಹೇಳ್ಬಾರ್ದಾ? ಅತ್ತೆಯ ತಮ್ಮ ಪೊಲೀಸಲ್ಲೇ ಇದ್ದಾರೆ, ಯಾರಾದ್ರೂ ಬೆದರಿಸ್ತಾ ಇದ್ರೆ…”

“ಯಾರೂ ಬೆದರಿಸ್ತಿಲ್ಲ.” ಚಿಕ್ಕಪ್ಪ ಮುಖ ಬೇರೆ ಕಡೆ ತಿರುಗಿಸಿದರು. “ಅವನು ಬಚ್ಚಿಟ್ಕೊಂಡಿರೋದು ನಿನ್ನಿಂದ ಪುಟ್ಟಿ. ನಿನ್ನೊಬ್ಬಳಿಂದ.”

ಹತ್ತೊಂಬತ್ತು ದಿನ ಅಪ್ಪನಿಗಾಗಿ ಕೆರೆಯ ದಂಡೆಯಲ್ಲಿ ನಿಂತು ಕಾದ ಹುಡುಗಿಗೆ ಹೇಳುವ ಮಾತೇ ಇದು? ಚಿಕ್ಕಪ್ಪನಿಗೆ ಎರಡು ಬಿಡಬೇಕು ಎನ್ನುವಷ್ಟು ಸಿಟ್ಟು ಬಂತು. ಆದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವಾಗ ಅವರ ಮುಖ ಹೇಗಿರುತ್ತದೆ ಎಂದು ಆಗಲೇ ನೋಡಿದ್ದೆನಲ್ಲ. ಆ ಸೊಟ್ಟ ಪ್ಯಾಕಿಂಗ್ ನೆನಪಾಯಿತು: ಕೈಗೋ ಕಣ್ಣಿಗೋ ಏನೋ ಆಗಿರುವ ಅಪ್ಪ, ನರ್ಸು ಮಗಳ ಕಣ್ಣು ತಪ್ಪಿಸಿಕೊಂಡಿದ್ದಾರೋ ಏನೋ.

ಪುಟ್ಟಿ ನೆಲದಿಂದ ಪೆನ್ನು ಎತ್ತಿಕೊಂಡಳು. ಠಾಣೆಯ ಕಾಗದವನ್ನು ನಾಲ್ಕಾಗಿ ಹರಿದು ಕಸದ ಡಬ್ಬಿಗೆ ಹಾಕಿದಳು. ಆಮೇಲೆ, ವಾರ್ಡಿನಲ್ಲಿ ಡಾಕ್ಟರ ಹತ್ತಿರ ಮಾತಾಡುವ ದನಿಯಲ್ಲಿ ನನ್ನನ್ನು ಕೇಳಿದಳು.

“ಅತ್ತೆ, ಪಂಪಿನ ವಿಷ್ಯ ಏನ್ ತೀರ್ಮಾನ ಮಾಡಿದ್ರಿ? ಸೀಲ್ ಹಾಕೋದಾ, ಹೊಸದು ಕೂರಿಸೋದಾ?”

ಈಗ ಯಾಕೆ ಇದನ್ನು ಕೇಳುತ್ತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ. ಆದರೂ ಕೆಲಸದ ಪ್ರಶ್ನೆಗೆ ನನ್ನ ಬಾಯಿ ತಾನಾಗಿ ಉತ್ತರ ಕೊಡುತ್ತದೆ.

“ಅಂಚಿನಲ್ಲಿದೆ. ಎಷ್ಟು ದೂರ ಓಡ್ಬೇಕು ಅನ್ನೋದರ ಮೇಲೆ ಹೋಗುತ್ತೆ. ಊರಲ್ಲೇ, ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಅಂದ್ರೆ ಸೀಲು, ಪ್ಯಾಕಿಂಗು ಸಾಕು. ನನ್ನ ಹತ್ರ ಎರಡೂ ಇದೆ, ಸಂಜೆ ನಾಲ್ಕಕ್ಕೆ ಗಾಡಿ ಕೊಡ್ತೀನಿ. ದಿನಗಟ್ಟಲೆ ಓಡ್ಬೇಕು, ಬೆಟ್ಟ ಹತ್ಬೇಕು ಅಂದ್ರೆ ಇದು ನಡುದಾರಿಯಲ್ಲಿ ಕೈ ಕೊಡುತ್ತೆ. ಹೊಸದೇ ಬೇಕು.”

ಪುಟ್ಟಿ ಚಿಕ್ಕಪ್ಪನ ಕಡೆ ತಿರುಗಿದಳು.

“ನೀವು ಕೊಟ್ಟ ಮಾತು ಮುರೀಬೇಡಿ ಚಿಕ್ಕಪ್ಪ. ಅಪ್ಪ ಎಲ್ಲಿದ್ದಾರೆ ಅಂತ ಕೇಳಲ್ಲ. ಪಂಪಿನ ವಿಷ್ಯ ಮಾತ್ರ ಹೇಳಿ. ನಾನು ಅಪ್ಪನ್ನ ನೋಡೋಕೆ ಹೋಗ್ಬೇಕು. ಸೀಲ್ ಹಾಕಿಸ್ಲಾ, ಹೊಸದು ಕೂರಿಸ್ಲಾ?”

ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಅದೆಷ್ಟು ಜನರಿಗೆ ಕೇಳಿದ್ದೇನೋ, ಹೀಗೂ ಕೇಳಬಹುದು ಎಂದು ಗೊತ್ತಿರಲಿಲ್ಲ.

ಚಿಕ್ಕಪ್ಪ ಪಂಪನ್ನು ನೋಡಿದರು. ಗೋಡೆಯ ಗಡಿಯಾರ ನೋಡಿದರು. ಅಂಗಿಯ ಅಂಚು ಹಿಡಿದು ಕನ್ನಡಕ ಒರೆಸಲು ಹೋದರು, ಒರೆಸದೆ ಕೈ ಬಿಟ್ಟರು.

“ಸೀಲ್ ಸಾಕು,” ಎಂದರು, ಕೇಳಿಯೂ ಕೇಳಿಸದ ಹಾಗೆ.

ಪುಟ್ಟಿಯ ಕಣ್ಣಲ್ಲಿ ಆಗ ನೀರು ಬಂತು. ನಾನು ಸೀಲಿನ ಡಬ್ಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಚಿಕ್ಕಪ್ಪ ನನ್ನ ಮಣಿಕಟ್ಟು ಹಿಡಿದರು.

“ಇವತ್ತಿಗಾದ್ರೆ ಸೀಲ್ ಸಾಕು ಅಕ್ಕಾವ್ರೇ. ಗಾಡಿ ಸಿಗ್ಲಿ ಬಿಡ್ಲಿ, ನಾಳೆ ಬೆಳಿಗ್ಗೆ ಐದಕ್ಕೆ ಅವ್ನು ಹೊರಟುಹೋಗ್ತಾನೆ. ಆಮೇಲೆ ಹೊಸ ಪಂಪ್ ಹಾಕಿದ್ರೂ ನಿಮ್ಮಲ್ಲಿ ಯಾರಿಗೂ ಅವ್ನು ಸಿಗಲ್ಲ.”